ಆಮೆಯ ಬೆನ್ನೇರಿದ ಆನೆಮರಿ

ನಮ್ಮತ್ತೆಯನ್ನು ಮನೆಮಂದಿಯೆಲ್ಲ ಕರೆಯುವುದು ಅಂಟತ್ತೆ ಎಂದು. ಮಕ್ಕಳ ಲೈಬ್ರರಿಯ ಹಿಂಬದಿ ಕೋಣೆಯಲ್ಲಿ ಕೂತು, ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕಿ, ರಟ್ಟು ಅಂಟಿಸಿ, ಮತ್ತೆ ಕಪಾಟಿಗೆ ಕಳಿಸುವುದು ಅವಳ ಕೆಲಸ. ಉಗುರಿನ ಸಂದಿಯಲ್ಲಿ ಸದಾ ಅಂಟು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೆದಕಿದರೆ, ಇಷ್ಟು ಅಂಟಿದ್ದರೂ ಯಾರೂ ಅಂಟಿಕೊಳ್ಳಲಿಲ್ಲ ನೋಡಿ ಎಂದು ತಾನೇ ನಗುತ್ತಾಳೆ.

ರಾಜರಾಣಿಯರ ಕಥೆಗಳು ಅವಳ ಮೇಜಿಗೆ ಬರುವುದು ಅಪರೂಪ. ಮಹಾಪುರುಷರ ಬಾಲ್ಯದ ಪುಸ್ತಕಗಳಂತೂ ತಂದ ದಿನ ಹೇಗಿದ್ದವೋ ಹಾಗೇ ಠೀವಿಯಿಂದ ಕಪಾಟಿನಲ್ಲಿ ಕೂತಿರುತ್ತವೆ. ಹರಿದು ಚಿಂದಿಯಾಗಿ ಬರುವುದೆಲ್ಲ ಪ್ರಾಣಿಗಳ ಕಥೆ. ಮೊಲದ ಪುಸ್ತಕಕ್ಕೆ ಸಕ್ಕರೆ ಮೆತ್ತಿರುತ್ತದೆ. ತೋಳದ ಕಣ್ಣಿಗೆ ಯಾರೋ ಪೆನ್ಸಿಲ್ಲಿನಿಂದ ತಿವಿದಿರುತ್ತಾರೆ. ಒಂದು ಕರಡಿ ಪುಸ್ತಕದ ಮೂಲೆಯನ್ನು ಯಾವುದೋ ಮಗು ತಿಂದೇ ಬಿಟ್ಟಿತ್ತು. ಅತ್ತೆ ಯಾರನ್ನೂ ಬೈಯುವುದಿಲ್ಲ. ಹೊಲಿಯುವ ಮೊದಲು ಪ್ರತಿಯೊಂದನ್ನೂ ಕೊನೆತನಕ ಓದುತ್ತಾಳೆ. ಪುಟ ಸರಿಯಿದೆಯೋ ನೋಡುವುದಕ್ಕೆ ಎನ್ನುತ್ತಾಳೆ, ಸುಳ್ಳು. ಅವಳು ಹುಡುಕುತ್ತಿದ್ದುದು ಒಂದು ಆನೆಮರಿಯನ್ನು.

ಅವಳ ಅಮ್ಮ, ಅಂದರೆ ನನ್ನ ಅಜ್ಜಿ, ಕೆಲಸಕ್ಕೆ ಹೋಗುತ್ತಿದ್ದ ಮನೆಯವರು ಬೇಡವೆಂದು ಕೊಟ್ಟ ಪುಸ್ತಕವೊಂದನ್ನು ತಂದಿದ್ದಳಂತೆ. ಅತ್ತೆಗೆ ಆಗಿನ್ನೂ ಓದು ಬರದು. ಅಜ್ಜಿ ಒದ್ದೆ ಕೈ ಒರೆಸಿಕೊಂಡು, ಮಂಚದ ಅಂಚಿಗೆ ಕೂತು ಓದಿ ಹೇಳುತ್ತಿದ್ದಳು. ಅಮ್ಮನನ್ನು ಕಳೆದುಕೊಂಡ ಆನೆಮರಿ ಹುಡುಕುತ್ತಾ ಹುಡುಕುತ್ತಾ ಹೊಳೆದಡಕ್ಕೆ ಬರುತ್ತದೆ. ಆಮೆಯೊಂದು ಬೆನ್ನ ಮೇಲೆ ಕೂರಿಸಿಕೊಂಡು ದಾಟಿಸುತ್ತದೆ. ಆಚೆ ದಡದ ಮನೆಯ ಗೋಡೆಯಲ್ಲೊಂದು ಬಿಲ. ಆನೆಮರಿ ಅದರೊಳಗೆ ನುಸುಳಿದರೆ, ಅಲ್ಲಿ ಅಮ್ಮ ಕೂತಿದ್ದಾಳೆ. ಅತ್ತೆಗೆ ಏಳು ತುಂಬುವ ಮೊದಲೇ ಅಜ್ಜಿ ಜ್ವರ ಬಂದು ತೀರಿಹೋದಳು. ಮನೆ ಬದಲಾಯಿಸುವಾಗ ಪುಸ್ತಕವೂ ಹೋಯಿತು. ಫೋಟೊ ಇಲ್ಲ, ಧ್ವನಿ ನೆನಪಿಲ್ಲ. ಅಮ್ಮನದು ಅಂತ ಅತ್ತೆಗೆ ಉಳಿದದ್ದು ಈ ಕಥೆ ಒಂದೇ.

ಅದನ್ನೂ ನನ್ನಪ್ಪ ಉಳಿಯಗೊಡಲಿಲ್ಲ. ಅಪ್ಪ ಬೀಗ ರಿಪೇರಿ ಮಾಡುವವನು. ಊರವರ ಬೀಗವೆಲ್ಲ ತೆಗೆದುಕೊಟ್ಟು ತನ್ನ ಬಾಯಿಗೊಂದು ಜಡಿದುಕೊಂಡವನು. ತಂಗಿಗಿಂತ ನಾಲ್ಕು ವರ್ಷ ದೊಡ್ಡವನು, ನೆನಪಿರಬೇಕಾದದ್ದು ಅವನಿಗೆ. ಅತ್ತೆ ಕಥೆ ಎತ್ತಿದರೆ ಸಾಕು, ಆನೆ ಕೂತರೆ ಆಮೆ ಅಪ್ಪಚ್ಚಿಯಾಗುತ್ತದೆ, ಅಂಥ ಕಥೆ ಯಾರೂ ಬರೆಯುವುದಿಲ್ಲ, ಅಮ್ಮನಿಗೆ ಓದುವ ಪುರುಸೊತ್ತಾದರೂ ಎಲ್ಲಿತ್ತು, ನೀನೇ ಕನಸು ಕಂಡಿರಬೇಕು ಎಂದು ಬಾಯಿ ಮುಚ್ಚಿಸುತ್ತಿದ್ದ. ನನಗೋ ಮೈಯೆಲ್ಲ ಉರಿಯುತ್ತಿತ್ತು. ಒಂದು ಆನೆಮರಿಯನ್ನು ತಂಗಿಗೆ ಬಿಟ್ಟುಕೊಟ್ಟಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಬರುಬರುತ್ತಾ ಅತ್ತೆಗೇ ಅನುಮಾನ ಹತ್ತಿತು. ಕಥೆ ಕನಸಾದರೆ, ಮಂಚದ ಅಂಚಿಗೆ ಕೂತಿದ್ದ ಅಮ್ಮನೂ ಕನಸೇ ಅಲ್ಲವೇನೇ ಎಂದು ಒಮ್ಮೆ ನನ್ನನ್ನೇ ಕೇಳಿದಳು.

ಹೋದ ಚಳಿಗಾಲದಲ್ಲಿ ಲೈಬ್ರರಿಯವರು ಅಟ್ಟದಿಂದ ಹಳೆಯ ಪುಸ್ತಕಗಳನ್ನು ಇಳಿಸಿದರು. ಅದರಲ್ಲಿ ಒಂದೇ ಮಾಲೆಯ, ಒಂದೇ ಅಳತೆಯ, ಒಳಗೆ ಚಿತ್ರವೇ ಇಲ್ಲದ ಎರಡು ಅಗ್ಗದ ಕಥೆಗಳು ಇದ್ದವು. ಒಂದು ಆನೆಮರಿಯದು, ಇನ್ನೊಂದು ಇಲಿಮರಿಯದು. ಎರಡರದ್ದೂ ಒಂದಷ್ಟು ಪ್ರತಿಗಳು, ಎಲ್ಲಕ್ಕೂ ಹೊಲಿಗೆ ಬಿಚ್ಚಿತ್ತು. ಆನೆಮರಿ ಎಂದು ಕಂಡಕೂಡಲೇ ಅತ್ತೆ ಸೂಜಿ ಬದಿಗಿಟ್ಟು ಓದತೊಡಗಿದಳಂತೆ. ಹೊಳೆದಡಕ್ಕೆ ಬರುವ ತನಕ ಎಲ್ಲ ಅಮ್ಮನ ಕಥೆಯೇ. ಆಮೇಲೆ ಆಮೆ ಇಲ್ಲ, ಬಿಲ ಇಲ್ಲ, ಹೊಳೆಯಾಚೆ ಅಮ್ಮನೂ ಇಲ್ಲ. ಮರಿ ಬೇರೆ ಹಿಂಡು ಸೇರಿ ಬೆಳೆದು ದೊಡ್ಡದಾಗುತ್ತದೆ, ಅಷ್ಟೇ. ಅಣ್ಣ ಹೇಳಿದ್ದೇ ನಿಜ ಅಂದುಕೊಂಡು ಅತ್ತೆ ಪುಸ್ತಕ ಮುಚ್ಚಿಟ್ಟಳು.

ಆದರೂ ಕೆಲಸ ಬಿಡುವ ಹಾಗಿಲ್ಲವಲ್ಲ. ಹಾಳೆಗಳ ಕಂತೆಗಳನ್ನು ಬಿಡಿಸಿ ಮೇಜಿನ ಮೇಲೆ ಹರಡಿದಳು. ಒಂದೊಂದು ಪುಸ್ತಕಕ್ಕೆ ಎರಡೆರಡು ಕಂತೆ. ಇಲಿಮರಿಯ ಎರಡನೆಯ ಕಂತೆ ಕೈಗೆ ಬಂದಾಗ, ಮೊದಲ ಸಾಲಿನಲ್ಲೇ ಆಮೆ ಬೆನ್ನೊಡ್ಡಿ ನಿಂತಿತ್ತು. ಇಲಿಮರಿ ಹತ್ತಿ ಕೂತು, ಹೊಳೆ ದಾಟಿ, ಬಿಲಕ್ಕೆ ನುಸುಳಿ ಅಮ್ಮನನ್ನು ಸೇರಿಕೊಂಡಿತು.

ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಇದಕ್ಕೇ. ಯಾವನೋ ಬೈಂಡರು ತೂಕಡಿಸುತ್ತಾ ಆನೆಯ ಮೊದಲ ಕಂತೆಗೆ ಇಲಿಯ ಎರಡನೆಯ ಕಂತೆ ಸೇರಿಸಿ ಹೊಲಿದಿರಬಹುದು ಎಂಬುದು, ಅದೇ ಕೆಲಸದಲ್ಲಿ ತಲೆ ನರೆತ ಅತ್ತೆಗೆ ಒಂದು ದಿನವೂ ಹೊಳೆದಿರಲಿಲ್ಲ. ಅಂಥದೊಂದು ಕೆಟ್ಟ ಪ್ರತಿ ಅಜ್ಜಿಯ ಕೈಸೇರಿತ್ತು. ಓದುತ್ತಾ ಓದುತ್ತಾ ನಡುವೆ ಇಲಿ ಎದುರಾದಾಗ ಅಜ್ಜಿ ತಡೆದಿರಬೇಕು, ಮಕ್ಕಳ ಮುಖ ನೋಡಿರಬೇಕು. ಇಲಿ ಅಂತ ಇದ್ದಲ್ಲೆಲ್ಲ ಆನೆ ಅಂತ ಓದಿಕೊಂಡು ಹೋಗಿ, ಅಮ್ಮ ಸಿಗದ ಮರಿಗೆ ಅಮ್ಮನನ್ನು ಕೊಟ್ಟಿದ್ದಾಳೆ.

ಅತ್ತೆ ಆವತ್ತು ತನ್ನ ಜೀವಮಾನದಲ್ಲಿ ಮಾಡದ ಕೆಲಸ ಮಾಡಿದಳು. ರದ್ದಿಗೆ ಹೋಗಬೇಕಿದ್ದ ಪ್ರತಿಗಳಿಂದ, ಲೈಬ್ರರಿಯ ಮೇಡಂಗೆ ಹೇಳಿಯೇ, ಒಂದು ಪುಸ್ತಕವನ್ನು ಬೇಕೆಂದೇ ತಪ್ಪಾಗಿ ಹೊಲಿದಳು.

ಭಾನುವಾರ ಅದನ್ನು ತಂದು ಅಪ್ಪನ ಮುಂದಿಟ್ಟಳು. ಅಪ್ಪ ಯಾರದೋ ಬೀಗ ಬಿಚ್ಚಿಕೊಂಡು ಕೂತಿದ್ದ. ಅತ್ತೆ ಏನನ್ನೂ ವಿವರಿಸದೆ, ಜೋರಾಗಿ ಓದು ಅಂದಳು ಅಷ್ಟೇ. ಅವನು ಕನ್ನಡಕ ಏರಿಸಿಕೊಂಡು ಕೋರ್ಟಿನ ನೋಟೀಸು ಓದುವವನ ಹಾಗೆ ಶುರುಮಾಡಿದ. ನಾನು ಹೆಗಲ ಹಿಂದೆ ನಿಂತು ಸಾಲು ನೋಡುತ್ತಿದ್ದೆ. ಹೊಳೆದಡ ಬಂತು. ಪುಟ ತಿರುವಿದ. ಆಮೆ ಬಂತು. ‘ಇಲಿಮರಿ, ಬಾಲ ಒದ್ದೆಯಾಗದ ಹಾಗೆ ಎತ್ತಿ ಹಿಡಿದುಕೋ’ ಎಂದು ಅಲ್ಲಿ ಅಚ್ಚಾಗಿತ್ತು.

ಅಪ್ಪ ತಡೆದ. ಕನ್ನಡಕ ತೆಗೆದ. ಆಮೇಲೆ ಹೇಳಿದ: “ಆನೆಮರಿ, ಸೊಂಡಿಲು ಒದ್ದೆಯಾಗದ ಹಾಗೆ ಎತ್ತಿ ಹಿಡಿದುಕೋ, ಬಂಗಾರ.”

ಸೊಂಡಿಲೂ ಪುಸ್ತಕದಲ್ಲಿ ಇರಲಿಲ್ಲ, ಬಂಗಾರವೂ ಇರಲಿಲ್ಲ. ಆ ಸಾಲು ಅತ್ತೆಗೇ ಮರೆತುಹೋಗಿತ್ತು, ನಮಗ್ಯಾರಿಗೂ ಅವಳು ಅದನ್ನು ಹೇಳಿದ್ದೇ ಇಲ್ಲ. ಅವಳು ಪಕ್ಕದ ಮಂಚದ ಮೇಲೆ ಕೂತಳು.

“ನಿಂಗೆ ಗೊತ್ತಿತ್ತು, ಅಣ್ಣ.”

“ಮರೀಬೇಕು ಅಂತಿದ್ದೆ ಕಣೇ. ಅಮ್ಮ ಹೋದ ಮೇಲೆ ಆ ಕಥೆ ಕೇಳೋಕೆ ನನ್ನ ಕೈಲಿ ಆಗ್ತಿರಲಿಲ್ಲ.”

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ಕಾಣೆ. ಅತ್ತೆ ಪುಸ್ತಕವನ್ನು ಅವನ ಕೈಯಿಂದ ತೆಗೆದು ಪಕ್ಕಕ್ಕಿಟ್ಟಳು.

“ಇನ್ನೊಂದ್ಸಲ ಹೇಳು. ಅಮ್ಮ ಹೇಳ್ತಿದ್ದ ಹಾಗೇ ಹೇಳು.”

ಅಪ್ಪ ಎಣ್ಣೆಗೈಯನ್ನು ಬಟ್ಟೆಗೆ ಒರೆಸಿಕೊಂಡು, ಮಂಚದ ಅಂಚಿಗೆ ಬಂದು ಕೂತ.