ಗೇಟಿನ ಹೊರಗೆ ನಿಂತ ಗಿರಿಜಕ್ಕ

ಏಳು ವರ್ಷಗಳ ಹಿಂದೆ, ಮಾತೆ ಮರಿಯಮ್ಮ ಹುಟ್ಟಿದ ದಿನವಾದ ಮೊಂತಿ ಹಬ್ಬದ ಬೆಳಿಗ್ಗೆ, ಬೆಳ್ತಂಗಡಿ ಕಡೆಯ ನಮ್ಮ ಚರ್ಚಿನ ಗೇಟಿನ ಪಕ್ಕದಲ್ಲಿ ನಾನು ಫಾದರ್ ಜೊತೆ ನಿಂತಿದ್ದೆ. ಮರಿಯಮ್ಮನಿಗೆ ಹೂ ಹಾಕಲು ಮಕ್ಕಳು ಅಂಗಳದಲ್ಲಿ ಸಾಲಾಗಿ ಕಾಯುತ್ತಿದ್ದರು. ಆಶೀರ್ವದಿಸಬೇಕಾದ ಹೊಸ ತೆನೆ ಮಾತ್ರ ಬಂದಿರಲಿಲ್ಲ. ಪ್ರತಿವರ್ಷ ತಮ್ಮ ಗದ್ದೆಯಿಂದ ಅದನ್ನು ತಂದುಕೊಡುತ್ತಿದ್ದ ಕೊರಗಪ್ಪಣ್ಣ ತೀರಿಕೊಂಡು ವಾರವೂ ಆಗಿರಲಿಲ್ಲ.

ಅಷ್ಟರಲ್ಲಿ ಅವರ ಹೆಂಡತಿ ಗಿರಿಜಕ್ಕ ಬಂದು ರಸ್ತೆಯಲ್ಲೇ ನಿಂತರು. ತೆನೆಯ ಕಟ್ಟು ಪಕ್ಕದ ಮನೆಯ ರುಕ್ಮಯಣ್ಣನ ತಲೆಯ ಮೇಲಿತ್ತು.

"ನಾನು ಮುಟ್ಟಲಿಲ್ಲ ಫಾದರ್, ಇವರೇ ಕೊಯ್ದದ್ದು. ಈ ವರ್ಷವೂ ತೆನೆ ತಪ್ಪಿಸಬೇಡ ಅಂತ ಅವರು ಆಸ್ಪತ್ರೆಯಲ್ಲಿ ಹೇಳಿದ್ದರು."

"ನಮ್ಮಲ್ಲಿ ಸೂತಕ ಇಲ್ಲ ಅಕ್ಕ, ಒಳಗೆ ಬನ್ನಿ" ಎಂದರು ಫಾದರ್.

"ನಿಮಗೆ ಇಲ್ಲ. ನನಗೆ ಉಂಟಲ್ಲ."

ಫಾದರ್ ಮರಿಯಮ್ಮನ ಮೂರ್ತಿಯನ್ನು ಗೇಟಿನ ಹೊರಗೆ ತರಿಸಿ, ಮಕ್ಕಳನ್ನೂ ಕರೆಸಿ, ರಸ್ತೆಯ ಬದಿಯಲ್ಲೇ ತೆನೆಯನ್ನು ಆಶೀರ್ವದಿಸಿದರು. ಆಶೀರ್ವದಿಸಿದ ಮೊದಲ ತೆನೆಯನ್ನು ಕೊರಗಪ್ಪಣ್ಣನಿಗೆ ಕೊಡುವುದು ನಮ್ಮ ಚರ್ಚಿನ ಕ್ರಮವಾಗಿತ್ತು. ಫಾದರ್ ಅದನ್ನು ಗಿರಿಜಕ್ಕನತ್ತ ಚಾಚಿದರು. ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ರುಕ್ಮಯಣ್ಣ ತೆಗೆದುಕೊಂಡರು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ಗಿರಿಜಕ್ಕ ಆಗ ಅತ್ತುಬಿಟ್ಟರು. ಸೂತಕವೆಂದು ಅವರೇ ದೂರ ನಿಂತಿದ್ದರಿಂದ, ಅಷ್ಟು ಜನರಲ್ಲಿ ಒಬ್ಬರೂ ಅವರ ಹೆಗಲ ಮೇಲೆ ಕೈಯಿಡಲಿಲ್ಲ. ನಾನೂ ಇಡಲಿಲ್ಲ.

ಆ ಗದ್ದೆ ಈಗ ಬಿತ್ತುವವರಿಲ್ಲದೆ ಹಡಿಲು ಬಿದ್ದಿದೆ. ತೆನೆ ಬೇರೆ ಊರಿನಿಂದ ಬರುತ್ತದೆ. ಫಾದರ್ ತೀರಿಕೊಂಡರು, ಗಿರಿಜಕ್ಕನೂ ಹೋದರು. ಅಂದು ಹೂ ಹಿಡಿದಿದ್ದ ಮಕ್ಕಳಿಗೆ ಅದು ನೆನಪಿದೆಯೋ ಇಲ್ಲವೋ ತಿಳಿಯದು. ಗಿರಿಜಕ್ಕನ ಬದಲು ಆ ತೆನೆ ತೆಗೆದುಕೊಂಡ ರುಕ್ಮಯಣ್ಣ ಇನ್ನೂ ಇದ್ದಾರೆ.