ವಾಂಡಾ ಮೊದಲು ತನ್ನ ರಸ್ತೆಯನ್ನೇ ಕಿತ್ತಳು

ವಾಂಡಾ ಸ್ರೋಕಾ ತನ್ನ ಮೊಟ್ಟಮೊದಲ ಮತ ಹಾಕಿದ್ದು ಹತ್ತೊಂಬತ್ತರ ವಯಸ್ಸಿನಲ್ಲಿ, ಅಪ್ಪನ ಜೊತೆ ಹೋಗಿ. ಆಗ ಮ್ಯಾಸಚೂಸೆಟ್ಸ್ ರಾಜ್ಯದ ತುಂಬ ಮನೆ ಕಂದಾಯದ್ದೇ ಮಾತು. ನದಿ ಬದಿಯಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದ ಅಪ್ಪ, "ಹೀಗೇ ಏರ್ತಾ ಹೋದ್ರೆ ಕಂದಾಯ ಕಟ್ಟೋಕೇ ಮನೆ ಮಾರ್ಬೇಕಾಗುತ್ತೆ ಕಣೇ" ಎನ್ನುತ್ತಿದ್ದ. ಯಾವ ಊರೂ ತನ್ನ ಒಟ್ಟು ಕಂದಾಯವನ್ನು ವರ್ಷಕ್ಕೆ ನೂರಕ್ಕೆ ಎರಡೂವರೆಗಿಂತ ಜಾಸ್ತಿ ಏರಿಸಕೂಡದು, ಏರಿಸಲೇಬೇಕೆಂದರೆ ಊರವರ ಮತ ಕೇಳಬೇಕು ಎಂಬ ಕಾಯಿದೆಗೆ ಅಪ್ಪ ಮಗಳಿಬ್ಬರೂ ಹೌದೆಂದರು. ಕಾಯಿದೆ ಬಂತು, ಮನೆ ಉಳಿಯಿತು.

ಮೂವತ್ತೆಂಟು ವರ್ಷ ಕಳೆದ ಮೇಲೆ ಅದೇ ವಾಂಡಾ ಎಲ್ಡನ್‌ಬರೋ ಎಂಬ ತನ್ನ ಪುಟ್ಟ ಊರಿನ ರಸ್ತೆಗಳ ಮೇಲ್ವಿಚಾರಕಿ. ಹೆಸರಿಗೆ ಮೇಲ್ವಿಚಾರಕಿ, ಹಿಮ ತಳ್ಳುವ ಲಾರಿ ಓಡಿಸುವವಳೂ ಅವಳೇ, ಗುಂಡಿ ಮುಚ್ಚುವವಳೂ ಅವಳೇ. ಕೈಕೆಳಗೆ ಒಂದು ಕಾಲಕ್ಕೆ ಐದು ಜನರಿದ್ದರು, ಈಗ ಇಬ್ಬರು. ಊರಿನಲ್ಲಿ ಹೊಸ ಅಂಗಡಿಯಿಲ್ಲ, ಹೊಸ ಮನೆ ಏಳುತ್ತಿಲ್ಲ, ಅವುಗಳಿಂದ ಬರಬೇಕಾದ ಹೊಸ ಕಂದಾಯವೂ ಇಲ್ಲ. ಡೀಸೆಲ್ಲು, ಹಿಮ ಕರಗಿಸಲು ರಸ್ತೆಗೆ ಚೆಲ್ಲುವ ಉಪ್ಪು, ಕೆಲಸಗಾರರ ಆರೋಗ್ಯ ವಿಮೆಗಳಿಗೆ ಮಾತ್ರ ಎರಡೂವರೆಯ ಲೆಕ್ಕ ಗೊತ್ತಿರಲಿಲ್ಲ.

ಆ ಮೇ ತಿಂಗಳಲ್ಲಿ ಶಾಲೆಯ ಆಟದ ಹಾಲ್‌ನಲ್ಲಿ ಊರ ಸಭೆ ಸೇರಿತು. ಮಿತಿ ದಾಟಿ ಕಂದಾಯ ಏರಿಸಲು ಒಪ್ಪಿಗೆ ಕೊಡಿ, ಇಲ್ಲದಿದ್ದರೆ ಒಬ್ಬನನ್ನು ಕೆಲಸದಿಂದ ತೆಗೆಯಬೇಕಾಗುತ್ತದೆ, ರಸ್ತೆಗಳಿಗೆ ಡಾಂಬರು ಹಾಕಲಾಗುವುದಿಲ್ಲ ಎಂದು ವಾಂಡಾ ಕೇಳಿಕೊಂಡಳು. ಎದ್ದು ನಿಂತದ್ದು ಲಿಯಾನ್ ಡುಬಿಯೆಲ್. ಎಂಬತ್ತೊಂದರ ಮುದುಕ, ಅವಳ ಅಪ್ಪನ ಗೆಳೆಯ, ಅವಳದೇ ರಸ್ತೆಯ ಮೇಲ್ತುದಿಯಲ್ಲಿ ಮನೆ.

"ವಾಂಡಾ, ನೀನು ಮೋಸಗಾತಿ ಅಂತ ನಾನು ಹೇಳ್ತಿಲ್ಲ. ಆದ್ರೆ ನನ್ನ ಪಿಂಚಣಿ ಎರಡೂವರೆನೂ ಏರಲ್ಲ. ನಾನು ಯಾವ ಊರ ಸಭೆಗೆ ಹೋಗಿ ಕೇಳ್ಲಿ? ಈ ಕಾಯಿದೆ ಬರದೇ ಇದ್ದಿದ್ರೆ ನಿಮ್ಮಪ್ಪ ಕೊನೇವರೆಗೂ ಆ ಮನೇಲಿ ಇರೋಕೇ ಆಗ್ತಿರ್ಲಿಲ್ಲ."

ವಾಂಡಾ ಮತ್ತೆ ಎದ್ದು ನಿಂತಳು.

"ಗೊತ್ತು ಲಿಯಾನ್. ಅವತ್ತು ಅದಕ್ಕೆ ಹೌದು ಅಂತ ಮತ ಹಾಕಿದವರಲ್ಲಿ ನಾನೂ ಒಬ್ಬಳು. ಇವತ್ತಿಗೂ ತಪ್ಪು ಮಾಡಿದೆ ಅಂತ ಅನ್ಸಲ್ಲ. ಆದ್ರೆ ಆಗ ರಸ್ತೆ ಯಾರು ನೋಡ್ಕೋತಾರೆ ಅಂತ ನಾನು ಯೋಚ್ನೆ ಮಾಡಿರ್ಲಿಲ್ಲ. ಈಗ ದಿನಾ ಅದೇ ಯೋಚ್ನೆ."

ಮುಂದಿನ ವಾರ ಮತ ಎಣಿಸಿದರು. ಹನ್ನೊಂದು ಮತಗಳಿಂದ ಸೋಲು.

ಹನ್ನೆರಡು ವರ್ಷ ಜೊತೆಗೆ ದುಡಿದ ರೇ ಗಾಸೆಲಿನ್‌ಗೆ ಸುದ್ದಿ ಹೇಳಲು ಅವಳು ಲಾರಿ ಶೆಡ್ಡಿಗೆ ಹೋದಾಗ ಅವನು ಟಯರಿಗೆ ಗಾಳಿ ತುಂಬುತ್ತಿದ್ದ. ಅವಳ ಮುಖ ನೋಡಿಯೇ ಪೈಪು ಕೆಳಗಿಟ್ಟ. "ನಾನೋ, ಕಾರ್ಲೋ?" ಎಂದ. "ನೀನು," ಎಂದಳು. ಇನ್ನೊಬ್ಬ ಕೆಲಸಗಾರ ಕಾರ್ಲ್ ಅವನಿಗಿಂತ ಮೊದಲು ಸೇರಿದವನು, ಕೊನೆಗೆ ಸೇರಿದವನೇ ಮೊದಲು ಹೋಗಬೇಕೆಂಬುದು ನಿಯಮ. ರೇ ತಲೆಯಾಡಿಸಿ, ಉಳಿದ ಮೂರು ಟಯರಿಗೂ ಗಾಳಿ ತುಂಬಿಯೇ ಹೋದ. ವಾಂಡಾ ಲಾರಿಯೊಳಗೆ ಕೂತು ಅತ್ತಳು.

ಡಾಂಬರಿನ ಕಷ್ಟ ಅದಕ್ಕಿಂತ ಬೇರೆ. ಒಡೆದು ಚೂರಾದ ಡಾಂಬರು ರಸ್ತೆಗಿಂತ ಹದವಾದ ಜಲ್ಲಿ ರಸ್ತೆಯೇ ವಾಸಿ. ಮನೆ ಕಡಿಮೆಯಿರುವ ಮೂರು ರಸ್ತೆಗಳ ಡಾಂಬರು ಕಿತ್ತು ಜಲ್ಲಿ ಹಾಸುವುದೆಂದು ಅವಳು ತೀರ್ಮಾನಿಸಿದಳು. ಮೊದಲು ಕಿತ್ತಿದ್ದು ತಾನೇ ವಾಸವಿದ್ದ ಮಿಲ್ ಗುಡ್ಡದ ರಸ್ತೆಯನ್ನು.

ಯಂತ್ರದ ಸದ್ದಿಗೆ ಲಿಯಾನ್ ಮನೆಯೊಳಗಿನ ಚಪ್ಪಲಿಯಲ್ಲೇ ಓಡಿ ಬಂದ. "ನನ್ನ ಮೇಲಿನ ಸೇಡು ರಸ್ತೆ ಮೇಲೆ ತೀರಿಸ್ಕೋತಿದೀಯಾ?"

"ನಾನೇನು ಹಾರ್ಕೊಂಡು ಮನೆಗೆ ಹೋಗ್ತೀನಾ? ನನ್ನ ಬಾಗಿಲ ಮುಂದೇನೂ ಇದೇ ಧೂಳು. ಬೇರೆಯವರದು ಮೊದಲು ಕಿತ್ತಿದ್ರೆ ನೀವೇ ಏನಂತಿದ್ರಿ?"

ಮುದುಕ ಗೊಣಗುತ್ತಾ ಹಿಂದಿರುಗಿದ.

ಚಳಿಗಾಲ ಹೇಗೋ ಕಳೆಯಿತು. ಮಾರ್ಚಿನಲ್ಲಿ ಹಿಮ ಕರಗಿದಾಗ ರಸ್ತೆ ಕೆಸರಿನ ಗದ್ದೆಯಾಯಿತು. ಶಾಲೆಯ ಬಸ್ಸು ಗುಡ್ಡ ಹತ್ತಲೊಲ್ಲೆನೆಂದಿತು. ಒಂದು ಬೆಳಿಗ್ಗೆ ವಾಂಡಾ ಹೊರಗೆ ಬಂದು ನೋಡಿದರೆ ಲಿಯಾನ್ ತನ್ನ ಹಳೇ ಟ್ರ್ಯಾಕ್ಟರಿಗೆ ಹಲಗೆ ಕಟ್ಟಿಕೊಂಡು ರಸ್ತೆ ಸಮ ಮಾಡುತ್ತಿದ್ದ. ಕೆಲಸವೂ ಅಚ್ಚುಕಟ್ಟಾಗಿತ್ತು. ಅವಳು ಮನಸ್ಸು ಕಲ್ಲು ಮಾಡಿಕೊಂಡು ಕೈ ಅಡ್ಡ ಹಿಡಿದಳು.

"ಇಳೀರಿ ಲಿಯಾನ್. ಊರಿನ ರಸ್ತೇಲಿ ನೀವು ಬಿದ್ದು ಕಾಲು ಮುರ್ಕೊಂಡ್ರೆ ವಿಮೆಯವರು ನಮ್ಮನ್ನ ಬಿಡಲ್ಲ."

"ದುಡ್ಡು ಕೊಡಲ್ಲ ಅಂದ್ರೂ ಬೈತೀಯ, ಬಿಟ್ಟಿ ದುಡೀತೀನಿ ಅಂದ್ರೂ ಬೈತೀಯ. ಮನುಷ್ಯ ಏನು ಮಾಡ್ಬೇಕು ಹೇಳು!"

ವಾಂಡಾಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಒಳಗೆ ಕರೆದು ಕಾಫಿ ಕೊಟ್ಟಳು. ಹೆಂಡತಿಯ ಮಾತ್ರೆಗಳ ಖರ್ಚಿನ ಮಾತನ್ನು ಅವನು ಅವತ್ತೇ ಮೊದಲ ಸಲ ಆಡಿದ್ದು. ಕಂದಾಯದ ಚೀಟಿ ಬಂದ ದಿನ ಹೆಂಡತಿಗೆ ಕಾಣದಂತೆ ಬಚ್ಚಿಡುತ್ತಾನಂತೆ.

ಮತ್ತೆ ಬಂದ ಮೇ ತಿಂಗಳ ಸಭೆಯಲ್ಲಿ ವಾಂಡಾ ಡಾಂಬರಿನ ಮಾತೇ ಎತ್ತಲಿಲ್ಲ. ಕೇಳಿದ್ದು ಒಬ್ಬ ಆಳಿನ ಸಂಬಳವನ್ನು ಮಾತ್ರ. ವಯಸ್ಸಾದವರಿಗೆ ಕಂದಾಯದಲ್ಲಿ ಸಿಗುವ ರಿಯಾಯಿತಿಯ ಅರ್ಜಿಗಳನ್ನೂ ಸಭೆಗೆ ಹೊತ್ತುಕೊಂಡು ಬಂದಿದ್ದಳು. ಅಂಥದ್ದೊಂದು ಇದೆಯೆಂದು ಅರ್ಧ ಊರಿಗೆ ತಿಳಿದೇ ಇರಲಿಲ್ಲ. ಈ ಸಲ ಹತ್ತೊಂಬತ್ತು ಮತಗಳಿಂದ ಗೆಲುವು.

ರೇಗೆ ಫೋನು ಮಾಡಿದಳು. ಅವನಾಗಲೇ ದೊಡ್ಡ ದೊಡ್ಡ ಅಂಗಡಿಗಳಿರುವ ಪಕ್ಕದ ಪಟ್ಟಣದಲ್ಲಿ ಕೆಲಸಕ್ಕೆ ಸೇರಿದ್ದ. "ಇಲ್ಲಿ ಹೊಸಾ ಲಾರಿ ವಾಂಡಾ, ಚಳಿಗೆ ಸೀಟೇ ಬಿಸಿಯಾಗುತ್ತೆ," ಎಂದ. ಆಮೇಲೆ, "ಕ್ಷಮಿಸು," ಎಂದ. ಅವನ ಜಾಗಕ್ಕೆ ಐವತ್ತು ದಾಟಿದ ಸರಕು ಲಾರಿ ಚಾಲಕನೊಬ್ಬ ಬಂದ. ಮಿಲ್ ಗುಡ್ಡದ ರಸ್ತೆ ಇವತ್ತಿಗೂ ಜಲ್ಲಿಯದೇ.

ಮತ ಎಣಿಸಿದ ಮಾರನೆಯ ದಿನ ಲಿಯಾನ್ ಬೇಲಿಯ ಬಳಿ ಅವಳನ್ನು ತಡೆದು ನಿಲ್ಲಿಸಿದ.

"ನಾನು ಈ ಸಲಾನೂ ಬೇಡ ಅಂತಾನೇ ಹಾಕ್ದೆ. ಬೇರೆಯವರ ಬಾಯಿಂದ ನಿನಗೆ ಗೊತ್ತಾಗೋದು ಬೇಡ ಅಂತ ಹೇಳ್ದೆ."

"ಅಂದ್ಕೊಂಡಿದ್ದೆ," ಎಂದಳು ವಾಂಡಾ. "ರಿಯಾಯಿತಿ ಅರ್ಜಿ ತುಂಬಿದ್ರಾ?"

"ಕನ್ನಡಕ ಸಿಗ್ತಿಲ್ಲ."

"ತನ್ನಿ ಇಲ್ಲಿ," ಎಂದು ಅವಳು ಅಂಗಿಯ ಜೇಬಿನಿಂದ ಪೆನ್ನು ತೆಗೆದಳು.