ದೊಡ್ಡವ್ವನ ಮೂರು ತಾಸು

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ದೊಡ್ಡವ್ವನ ಅಲಾರಾಂ ಗಡಿಯಾರ ಹಸಿರು ಬಣ್ಣದ್ದು ಎಂದು ನನ್ನ ನೆನಪು. ಮೊನ್ನೆ ಬಾದಾಮಿಗೆ ಹೋದಾಗ ನೋಡಿದರೆ ಅದು ನೀಲಿ. ಬೇರೆ ಗಡಿಯಾರ ತಂದಳೋ, ನಾನೇ ಮನಸ್ಸಿನಲ್ಲಿ ಬಣ್ಣ ಬದಲಿಸಿಕೊಂಡೆನೋ ಗೊತ್ತಿಲ್ಲ. ದಿನಚರಿ ಬರೆಯುವವಳೆಂದು ಮನೆಯಲ್ಲಿ ಎಲ್ಲರೂ ನನ್ನ ನೆನಪನ್ನು ನಂಬುತ್ತಾರೆ. ನಾನು ಅಷ್ಟು ನಂಬುವುದಿಲ್ಲ. ಆ ದಿನ ಯಾವುದು ದೊಡ್ಡದೆನಿಸಿತೋ ಅದನ್ನಷ್ಟೇ ಬರೆದಿರುತ್ತೇನೆ. ಈ ಸಲ ನನಗೆ ಬೇಕಾದದ್ದು ಸಿಕ್ಕಿದ್ದು, ಏನೂ ಅಲ್ಲವೆಂದು ಗೀಚಿಟ್ಟ ಒಂದೊಂದು ಸಾಲಿನಲ್ಲಿ.

ಸಿ.ಎ. ಇಂಟರ್‌ನ ಮೊದಲ ಗುಂಪನ್ನು ನಾನು ಎರಡು ಸಲ ಬರೆದು ಎರಡು ಸಲವೂ ನಪಾಸಾಗಿದ್ದೆ. ಮೂರು ಪತ್ರಿಕೆ, ಒಂದೊಂದಕ್ಕೂ ಮೂರು ತಾಸು, ನೂರು ಅಂಕ. ಓದು ಸಾಲದೆ ನಪಾಸಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಪ್ರತಿ ಸಲವೂ ಗೊತ್ತಿದ್ದ ಪ್ರಶ್ನೆಗಳೇ ಉಳಿದುಹೋಗುತ್ತಿದ್ದವು. ಗಂಟೆ ಬಾರಿಸುವಾಗ ಇನ್ನೂ ಇಪ್ಪತ್ತು, ಇಪ್ಪತ್ತೈದು ಅಂಕದಷ್ಟು ಮುಟ್ಟಿಯೇ ಇರುತ್ತಿರಲಿಲ್ಲ.

ನಾನು ಕೆಲಸ ಮಾಡುವುದು ಬಾಗಲಕೋಟೆಯ ನವನಗರದಲ್ಲಿ, ಒಬ್ಬ ಆಡಿಟರ ಕಚೇರಿಯಲ್ಲಿ. ಎರಡನೆಯ ಸಲ ನಪಾಸಾದಾಗ ಸರ್ ನನ್ನ ಅಭ್ಯಾಸದ ವಹಿ ತರಿಸಿ ನೋಡಿದರು. ಹಾಳೆ ತಿರುವುತ್ತಾ ಹೋದರು, ಮುಖ ಎತ್ತಲಿಲ್ಲ.

“ಇದರಾಗ ಕೂಡದ ಲೆಕ್ಕ ಒಂದೂ ಇಲ್ಲಲ್ಲ,” ಎಂದರು.

“ಹೌದ್ರಿ ಸರ್, ಎಲ್ಲಾ ಟ್ಯಾಲಿ ಆಗ್ಯಾವು.”

“ಅದ ನಿನ್ನ ರೋಗ. ನಿನಗ ಲೆಕ್ಕ ಬರತೈತಿ, ಬಿಡಾಕ ಬರೂದುಲ್ಲ.”

ಮಾತು ಚುಚ್ಚಿತು, ಆದರೆ ಸುಳ್ಳಲ್ಲ. ಇಳಕಲ್ಲಿನ ನಮ್ಮ ಮನೆಯಲ್ಲಿ ಎಳೆ ಕಡಿದರೆ ಮಗ್ಗ ನಿಲ್ಲುತ್ತದೆ. ಗಂಟು ಹಾಕದೆ ಅಪ್ಪ ಮುಂದೆ ಒಂದು ಬೆರಳೂ ನೇಯುವುದಿಲ್ಲ. ಅದನ್ನು ನೋಡುತ್ತಾ ಬೆಳೆದವಳು ನಾನು. ಬ್ಯಾಲೆನ್ಸ್ ಶೀಟಿನ ಎರಡು ಮೊತ್ತ ಕೂಡದಿದ್ದರೆ ಹಾಳೆ ತಿರುವಲು ಕೈ ಬರುವುದಿಲ್ಲ. ಸರ್ ಒಂದು ಚೀಟಿಯ ಮೇಲೆ ಬರೆದುಕೊಟ್ಟರು. ಹದಿನಾಲ್ಕು ಅಂಕದ ಪ್ರಶ್ನೆಗೆ ಇಪ್ಪತ್ತೈದು ನಿಮಿಷ. ಇಪ್ಪತ್ತಾರನೆಯ ನಿಮಿಷಕ್ಕೆ ಕೂಡಲಿ ಬಿಡಲಿ, ಅರ್ಧ ಪುಟ ಖಾಲಿ ಬಿಟ್ಟು ಮುಂದಿನ ಪ್ರಶ್ನೆ. ಲೆಕ್ಕ ಪೂರ್ತಿಯಾಗದಿದ್ದರೂ ಸರಿಯಾಗಿ ಮಾಡಿದ ಹಂತಗಳಿಗೆ ಅಂಕ ಸಿಗುತ್ತದೆ, ಬರೆಯದ ಪ್ರಶ್ನೆಗೆ ಏನೂ ಸಿಗುವುದಿಲ್ಲ. ಇದೆಲ್ಲ ನನಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿರುವುದು ಕೈಗೆ ಇಳಿಯಬೇಕಾದರೆ ಪರೀಕ್ಷೆಯ ಹೊತ್ತಿಗೇ, ಪರೀಕ್ಷೆಯ ಹಾಗೆಯೇ ಕೂತು ಬರೆಯಬೇಕು ಎಂದರು. ದಯೆ ದಾಕ್ಷಿಣ್ಯ ಇಲ್ಲದವರು ಯಾರಾದರೂ ಎದುರಿಗೆ ಇರಬೇಕು.

ಅಂಥವರು ನಮ್ಮ ಬಳಗದಲ್ಲಿ ಒಬ್ಬರೇ, ಅವ್ವನ ಅಕ್ಕ, ನನ್ನ ದೊಡ್ಡವ್ವ. ಹುನಗುಂದ ತಾಲೂಕಿನ ಹಳ್ಳಿಗಳಲ್ಲಿ ಸಾಲಿ ಕಲಿಸಿ ನಿವೃತ್ತಳಾದವಳು. ಈಗಲೂ ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ ಮೀಸೆ ಬೆಳ್ಳಗಾಗತೊಡಗಿದ ಗಂಡಸರು ಅವಳನ್ನು ಕಂಡರೆ ಬೀಡಿ ಬೆನ್ನ ಹಿಂದೆ ಒಯ್ಯುತ್ತಾರೆ. ಅವಳು ಈಗ ಬಾದಾಮಿಯಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಅವರಿಬ್ಬರೂ ಗುಹೆಗಳ ಹತ್ತಿರ ತಂಪು ಪಾನೀಯದ ಅಂಗಡಿ ಇಟ್ಟಿದ್ದಾರೆ. ರವಿವಾರ ಪ್ರವಾಸಿಗರ ದಿನ, ಸಂಜೆಯ ತನಕ ಮನೆ ಖಾಲಿ.

ಫೋನಿನಲ್ಲಿ ಕೇಳಿದೆ. “ಬಾ,” ಎಂದಳು. “ಆದ್ರ ನನ್ನ ಕೈಯಾಗ ಪರೀಕ್ಷಾ ಅಂದ್ರ ಪರೀಕ್ಷಾನ. ಆಮ್ಯಾಲ ದೊಡ್ಡವ್ವಾ ಅಂತ ಕಣ್ಣೀರ ತರಬ್ಯಾಡ.”

ಮೊದಲ ರವಿವಾರ ನಾನು ಕಣ್ಣೀರು ತಂದೆ. ಒಂದೂ ಮುಕ್ಕಾಲಿಗೆ ಪ್ರಶ್ನೆಪತ್ರಿಕೆ ಓದಲು ಕೊಟ್ಟಳು, ಎರಡಕ್ಕೆ ಪೆನ್ನು. ಫೋನನ್ನೂ ಕೈಗಡಿಯಾರವನ್ನೂ ಮೊದಲೇ ಇಸಿದುಕೊಂಡು ಟ್ರಂಕಿನಲ್ಲಿಟ್ಟಿದ್ದಳು. “ನೀ ಗಡಿಯಾರ ನೋಡಕೋಂತ ಕುಂದ್ರತಿ. ಹೊತ್ತು ನಾ ಹೇಳತೇನಿ, ನೀ ಬರಿ.” ನನ್ನ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು, ಅಲಾರಾಂ ಗಡಿಯಾರವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಕಿಟಕಿಯಾಚೆ ತಗಡಿನ ಮೇಲೆ ಮಂಗಗಳು ಓಡಿದರೂ ಎದ್ದು ಓಡಿಸಲಿಲ್ಲ. “ಮುಗೀತು. ಪೆನ್ ಕೆಳಗಿಡು,” ಎಂದಾಗ ನನಗೆ ಇನ್ನೂ ಒಂದೂವರೆ ಪ್ರಶ್ನೆ ಬಾಕಿ. ಒಂದೇ ಸಾಲು ಎಂದೆ. ಅವಳು ಹಾಳೆ ಎಳೆದುಕೊಂಡಳು. ನಾನು ಅತ್ತದ್ದು ಹಾಳೆಗಾಗಿಯೋ, ಎರಡು ಸಲದ ನಪಾಸಿಗಾಗಿಯೋ ಹೇಳಲಾರೆ. ಅವಳು ಒಳಗೆ ಹೋಗಿ ಚಹಾ ಮಾಡಿದಳು, ಚುರುಮುರಿಗೆ ಒಗ್ಗರಣೆ ಹಾಕಿದಳು. ಐದೂವರೆಯ ಬಸ್ಸಿಗೆ ನಾನು ನಡೆದೇ ಹೋದೆ.

ಎರಡನೆಯ ರವಿವಾರ ಪತ್ರಿಕೆ ಪೂರ್ತಿ ಬರೆದೆ.

ಆ ಸಂತೋಷ ಹೇಗಿತ್ತು ಎಂದು ಈಗ ಬರೆಯಲೂ ನಾಚಿಕೆಯಾಗುತ್ತದೆ. ಸರ್ ಹೇಳಿದ ಹಾಗೆ ಕೂಡದ ಲೆಕ್ಕ ಬಿಟ್ಟೆ, ಅರ್ಧ ಪುಟ ಖಾಲಿ ಬಿಟ್ಟೆ, ಮುಂದೆ ಹೋದೆ. ಬೆನ್ನ ಹಿಂದಿನಿಂದ ದೊಡ್ಡವ್ವ “ಒಂದು ತಾಸು ಆತು,” “ಅರ್ಧ ತಾಸು ಉಳೀತು” ಎನ್ನುತ್ತಿದ್ದಳು. “ಮುಗೀತು” ಎಂದಾಗ ನನ್ನ ಕೊನೆಯ ಉತ್ತರದ ಕೆಳಗೆ ಗೆರೆ ಎಳೆದು ಆಗಿತ್ತು. ಮೂರನೆಯ, ನಾಲ್ಕನೆಯ ರವಿವಾರವೂ ಹಾಗೆಯೇ. ಒಟ್ಟು ಆರು ರವಿವಾರ ಹೋದೆ, ಐದರಲ್ಲಿ ಪೂರ್ತಿ ಬರೆದೆ. ಒಂದು ಸಲ ಬಿಟ್ಟು ಹೋದ ಲೆಕ್ಕಕ್ಕೆ ಮರಳಿ ಬಂದು ಅದನ್ನೂ ಕೂಡಿಸಿದೆ. ನನಗೆ ಬಿಡಲು ಬಂತು ಅಂದುಕೊಂಡೆ.

ಸರ್‌ಗೆ ಹೇಳಿದಾಗ ಅವರು ಕೇಳಿದ್ದು ಒಂದೇ. “ಪ್ರಶ್ನಿ ಪ್ರಶ್ನಿಗೆ ಹೊತ್ತು ಬರಕೊಂಡಿಯಿಲ್ಲೋ, ಬಾಜೂಕ?”

“ಹೊತ್ತು ದೊಡ್ಡವ್ವ ನೋಡ್ತಾಳ್ರಿ.”

“ಹಂಗಾದ್ರ ಪರೀಕ್ಷಾಕ್ಕ ಆಕೀನ ಕಳಸು,” ಎಂದು ನಕ್ಕರು. ಕಚೇರಿಯಲ್ಲಿದ್ದವರೂ ನಕ್ಕರು. ನಾನೂ ನಕ್ಕೆನೆಂದು ದಿನಚರಿಯಲ್ಲಿದೆ.

ಮೂರನೆಯ ಸಲದ ಪರೀಕ್ಷೆಗೆ ಕೈಗಡಿಯಾರ ಕಟ್ಟಿಕೊಂಡು ಹೋದೆ. ಮೊದಲ ದಿನವೇ ಅದು ಓಡತೊಡಗಿದೆ ಅನ್ನಿಸಿತು. ಬಾದಾಮಿಯಲ್ಲಿ “ಒಂದು ತಾಸು ಆತು” ಎನ್ನುವ ದನಿ ಕೇಳುವಾಗ ನಾನು ಯಾವ ಪ್ರಶ್ನೆಯಲ್ಲಿರುತ್ತಿದ್ದೆನೋ, ಇಲ್ಲಿ ಮೂರು ಗಂಟೆಗೆ ಅಲ್ಲಿಗೆ ಇನ್ನೂ ಮುಟ್ಟಿರಲಿಲ್ಲ. ಕೈ ಅದೇ, ಅಕ್ಷರ ಅದೇ, ಖಾಲಿ ಬಿಟ್ಟ ಅರ್ಧ ಪುಟಗಳೂ ಅವೇ. ಗಡಿಯಾರ ಕಿವಿಗೆ ಹಿಡಿದು ನೋಡಿದೆ. ಗೋಡೆಯ ಗಡಿಯಾರವೂ ಅದನ್ನೇ ತೋರಿಸುತ್ತಿತ್ತು. ನಾಲ್ಕರ ಹೊತ್ತಿಗೆ ಗಾಬರಿಯಾಗಿ, ಎರಡು ಕಂಪನಿಗಳನ್ನು ಒಂದು ಮಾಡುವ ಲೆಕ್ಕದಲ್ಲಿ ಒಂದು ಮೊತ್ತ ಎರಡು ಕಡೆ ಹಿಡಿದೆ. ಅದು ಕೂಡಲಿಲ್ಲ. ಬಿಡಬೇಕಿತ್ತು. ಬಿಡಲಿಲ್ಲ. ಗಂಟೆ ಬಾರಿಸಿದಾಗ ಕೊನೆಯ ಪ್ರಶ್ನೆಯ ಸಂಖ್ಯೆ ಮಾತ್ರ ಬರೆದಿದ್ದೆ. ಉಳಿದ ಎರಡು ದಿನವೂ ಸ್ವಲ್ಪ ಹೆಚ್ಚುಕಡಿಮೆ ಇದೇ ಕಥೆ.

ಫಲಿತಾಂಶ ಬಂದ ದಿನ ಅವ್ವನಿಗೆ ಫೋನು ಮಾಡಿದೆ. ಮಗ್ಗದ ಸದ್ದಿನ ನಡುವೆ ಅವಳಿಗೆ ಸರಿಯಾಗಿ ಕೇಳಿಸಲಿಲ್ಲ, “ಏನಂದಿ, ಪಾಸೇನ?” ಎಂದು ಎರಡು ಸಲ ಕೇಳಿದಳು. ಎರಡು ಸಲ ‘ಇಲ್ಲ’ ಎನ್ನಬೇಕಾಯಿತು. ಇಳಕಲ್ಲಿನಲ್ಲಿ ಒಂದು ಸೀರೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ನನಗಾಗಿ ಕಾದಿದೆ. ಈ ಸಲ ಆಗದಿದ್ದರೆ ಅದಕ್ಕೇ ಸೇರುತ್ತೇನೆ ಎಂದು ಪರೀಕ್ಷೆಗೆ ಮೊದಲು ನಾನೇ ಅಪ್ಪನಿಗೆ ಹೇಳಿದ್ದೆ. ಅವನು ನೆನಪಿಸಲಿಲ್ಲ. ನೆನಪಿಸದೆ ಇರುವುದೇ ಹೆಚ್ಚು ಭಾರವಾಯಿತು.

ಎಲ್ಲಿ ತಪ್ಪಿತು ಎಂದು ಹುಡುಕಲು ದಿನಚರಿ ತೆಗೆದೆ. ಆರು ರವಿವಾರಗಳ ಪುಟಗಳಲ್ಲಿ ಲೆಕ್ಕಗಳ ಬಗ್ಗೆ ಉದ್ದುದ್ದ ಬರೆದಿದ್ದೆ, ಒಂದೂ ಉಪಯೋಗಕ್ಕೆ ಬರಲಿಲ್ಲ. ಪ್ರತಿ ಪುಟದ ಕೊನೆಗೆ ಮಾತ್ರ ಒಂದು ಸಾಲು ಇತ್ತು. ಮೊದಲ ರವಿವಾರ: “ಎರಡು ಕಪ್ ಚಹಾ, ಚುರುಮುರಿ. ಬಸ್ಸಿಗೆ ಕಾದೆ.” ಎರಡನೆಯದು: “ಚಹಾ ಕುಡಿಯಲಾಗಲಿಲ್ಲ. ಓಡಿದೆ.” ಮೂರನೆಯದು: “ಓಡಿದೆ. ಬಸ್ಸು ಹೊರಟಿತ್ತು, ಕೈ ಮಾಡಿ ನಿಲ್ಲಿಸಿದೆ.” ನಾಲ್ಕು, ಐದು, ಆರು, ಎಲ್ಲದರಲ್ಲೂ ಓಟ.

ಐದಕ್ಕೆ ಪರೀಕ್ಷೆ ಮುಗಿದರೆ, ಏಳೆಂಟು ನಿಮಿಷದ ದಾರಿಯ ಬಸ್‌ಸ್ಟ್ಯಾಂಡಿಗೆ, ಐದೂವರೆಯ ಬಸ್ಸಿಗೆ, ನಾನು ಏಕೆ ಓಡಬೇಕಿತ್ತು?

ಮೊದಲು ಬಂದದ್ದು ಸಿಟ್ಟು. ಹದಿನೈದೋ ಇಪ್ಪತ್ತೋ ನಿಮಿಷ ಹೆಚ್ಚು ಕೊಟ್ಟು, ನಾನು ಬರೆದು ಮುಗಿಸುವ ತನಕ ತಡೆದು, ಆಮೇಲೆ ದೊಡ್ಡ ದನಿಯಲ್ಲಿ “ಮುಗೀತು” ಎಂದಳೇ? ಅಳುವುದನ್ನು ಒಂದು ಸಲ ನೋಡಿದ್ದಕ್ಕೆ? ಐದು ರವಿವಾರ ನಾನು ಕಟ್ಟಿಕೊಂಡದ್ದು ಪರೀಕ್ಷೆಯ ಕೌಶಲವಲ್ಲ, ಸುಳ್ಳು ಗಡಿಯಾರದ ಅಭ್ಯಾಸವೇ?

ಸಿಟ್ಟು ಇಳಿದ ಮೇಲೆ ಸಂಶಯ ಶುರುವಾಯಿತು. “ಮುಗೀತು” ಎಂದ ನಂತರ ಅವಳು ಹಾಳೆ ಎಣಿಸುತ್ತಿದ್ದಳು, ಸೂಜಿಯಿಂದ ದಾರ ಪೋಣಿಸಿ ಕಟ್ಟುತ್ತಿದ್ದಳು. “ಹಾಳಿ ಕಟ್ಟೂತನಾ ಏಳಬಾರದು” ಎಂಬುದು ಅವಳ ನಿಯಮ. ಆಮೇಲೆಯೇ ಟ್ರಂಕು ತೆರೆದು ಫೋನು ಕೊಡುತ್ತಿದ್ದಳು. ತಡವಾದದ್ದು ದಾರ ಕಟ್ಟುವುದರಿಂದಲೂ ಇರಬಹುದು. ಹಾಗಾದರೆ ಮೊದಲ ರವಿವಾರ ದಾರ ಕಟ್ಟಿದಳೇ? ನೆನಪಿಲ್ಲ. ಅತ್ತದ್ದು ನೆನಪಿದೆ, ದಾರ ನೆನಪಿಲ್ಲ. ಇನ್ನೊಂದು, ಇದನ್ನು ಬರೆಯಲು ನನಗೆ ಇಷ್ಟವಿಲ್ಲ: ಫೋನು ಕೈಗೆ ಬಂದಾಗ ನಾನು ಹೊತ್ತು ನೋಡಿಯೇ ಇರಬೇಕು. ಬಸ್ಸಿಗೆ ಓಡುವವರು ಹೊತ್ತು ನೋಡದೆ ಓಡುವುದಿಲ್ಲ. ಪೂರ್ತಿ ಬರೆದೆನೆಂಬ ಖುಷಿ ಹಾಳಾಗಬಾರದೆಂದು ನಾನೇ ಕೂಡಿಸಿ ಕಳೆಯದೆ ಬಿಟ್ಟೆನೇ? ಬಿಡಲು ಬಾರದವಳು ಬಿಟ್ಟದ್ದು ಅದೊಂದನ್ನೇ?

ಈ ಪ್ರಶ್ನೆಗೆ ಉತ್ತರ ಬೇಕೇಬೇಕಿತ್ತು. ನಾಲ್ಕನೆಯ ಸಲಕ್ಕೆ ಅರ್ಜಿ ತುಂಬುವ ಕೊನೆಯ ದಿನ ಹತ್ತಿರ ಬಂದಿದೆ. ದೊಡ್ಡವ್ವ ಹೊತ್ತು ಹೆಚ್ಚು ಕೊಟ್ಟಿದ್ದರೆ, ನನ್ನ ಕೊರತೆ ಇಪ್ಪತ್ತು ನಿಮಿಷ. ಅಷ್ಟನ್ನು ನಾನು ದುಡಿದು ಗಳಿಸಬಲ್ಲೆ, ಅರ್ಜಿ ತುಂಬಬಹುದು. ಕೊಟ್ಟಿಲ್ಲದಿದ್ದರೆ, ಮನೆಯಲ್ಲಿ ಮೂರು ತಾಸಿನಲ್ಲಿ ಮುಗಿಸಿದವಳು ಪರೀಕ್ಷೆಯ ಕೋಣೆಯಲ್ಲಿ ಹೆದರಿ ಸೋತವಳು. ಅದಕ್ಕೆ ನನ್ನಲ್ಲಿ ಮದ್ದಿಲ್ಲ. ಆಗ ಸೀರೆ ಅಂಗಡಿಯೇ ವಾಸಿ. ಸರ್‌ಗೆ ಹೇಳಿದರೆ, “ಗಡಿಯಾರ ಇಟಗೊಂಡು ಇನ್ನೊಮ್ಮಿ ಬರದ ನೋಡು, ಅದರಾಗೇನೈತಿ,” ಎಂದರು. ಬರೆದು ನೋಡಿದೆ. ಮುಗಿಯಲಿಲ್ಲ. ಆದರೆ ಈಗ ಮುಗಿಯದಿರುವುದು ನನ್ನ ವೇಗದಿಂದಲೋ, ಸಂಶಯದಿಂದಲೋ, ಅದೂ ತಿಳಿಯಲಿಲ್ಲ.

ಮೊನ್ನೆ ರವಿವಾರ ಪ್ರಶ್ನೆಪತ್ರಿಕೆ ಇಲ್ಲದೆ ಬಾದಾಮಿಗೆ ಹೋದೆ. ದೊಡ್ಡವ್ವ ಬಾಗಿಲಲ್ಲಿ ಮೊಸರಿನವಳ ಜೊತೆ ಜಗಳಕ್ಕೆ ನಿಂತಿದ್ದಳು.

“ಅಕ್ಕೋರ, ಅಳದ ಹಾಕೇನ್ರಿ. ನೀವ ನೋಡೀರಿ,” ಎನ್ನುತ್ತಿದ್ದಳು ಮೊಸರಿನವಳು.

“ಅಳದದ್ದು ಅಳತಿಗಾತು. ಕೊಸರು ಎಲ್ಲೈತಿ?”

“ಸಾಲ್ಯಾಗ ಹುಡುಗೂರಿಗೆ ಹಿಂಗ ಕೊಸರು ಮಾರ್ಕ್ ಹಾಕ್ತಿದ್ರೇನ್ರಿ?”

“ನಾ ಯಾರಿಗೂ ಅರ್ಧ ಮಾರ್ಕ್ ಹೆಚ್ಚ ಹಾಕಿಲ್ಲ,” ಎಂದಳು ದೊಡ್ಡವ್ವ, ಪಾತ್ರೆ ಮುಂದಕ್ಕೆ ಹಿಡಿದು. ಮೊಸರಿನವಳು ನಗುತ್ತಾ ಅಳತೆಯ ಮೇಲಿನ ಕೊಸರೆಂದು ಇನ್ನೊಂದು ಸೌಟು ಸುರಿದಳು.

ಒಳಗೆ ಹೋಗಿ ಕೂತೆವು. ಅಲಾರಾಂ ಗಡಿಯಾರ ಗೂಡಿನಲ್ಲಿತ್ತು, ನೀಲಿ. ಅವಳು ನನ್ನ ಅಂಕ ಕೇಳಲಿಲ್ಲ, ಅವ್ವ ಹೇಳಿರಬೇಕು. “ಸೊರಗಿದಿ,” ಎಂದಳು. “ಕಣ್ಣಿಗಿ ಕನ್ನಡಕ ಬೇಕಾಗೇತಿ ನಿನಗ.” ಬಸ್ಸಿನಲ್ಲಿ ಇಡೀ ದಾರಿ ಸಿಟ್ಟಿನ ಮಾತು ಹೊಂದಿಸಿಕೊಂಡು ಬಂದಿದ್ದೆ. ಅವಳ ಮುಂದೆ ಕೂತಾಗ ಸಾಲಿಯ ಮೂರನೆಯ ಇಯತ್ತೆಯ ಹುಡುಗಿಯಾದೆ. ದಿನಚರಿ ತೆಗೆದು ಓಡಿದ ಸಾಲುಗಳನ್ನು ಒಂದೊಂದಾಗಿ ಓದಿದೆ. ಐದನೆಯದಕ್ಕೆ ಬಂದಾಗ, “ಆವತ್ತ ನಿನ್ನ ಚಪ್ಪಲಿ ಕಿತ್ತಿತ್ತಲ್ಲ, ಓಣ್ಯಾಗ?” ಎಂದಳು. ನನಗೆ ಚಪ್ಪಲಿ ನೆನಪಿಲ್ಲ. ದಿನಚರಿಯಲ್ಲೂ ಇಲ್ಲ.

“ದೊಡ್ಡವ್ವಾ, ಅರ್ಜಿ ತುಂಬಬೇಕೋ ಬ್ಯಾಡೋ ನನಗ ಗೊತ್ತಾಗವಲ್ದು. ಅದಕ್ಕ ಕೇಳಾಕ ಬಂದೇನಿ.”

“ಕೇಳು.”

ಕೇಳಿದೆ. ಅವಳು ಎದ್ದು ಗೂಡಿನಿಂದ ಗಡಿಯಾರ ತೆಗೆದುಕೊಂಡಳು. ಸೆರಗಿನಿಂದ ಅದರ ಗಾಜು ಒರೆಸಿದಳು, ಚಾವಿ ಕೊಟ್ಟಳು, ತಿರುಗಿ ಅಲ್ಲೇ ಇಟ್ಟಳು. ಆಮೇಲೆ ಚಹಾಕ್ಕೆ ನೀರಿಡಲು ಹೋದಳು. ಚಹಾ ಬಂತು, ಚುರುಮುರಿ ಬಂತು, ಐದೂವರೆಯ ಬಸ್ಸು ಹೋಯಿತು. ಮುಂದಿನ ಬಸ್ಸಿಗೆ ಹೊರಟಾಗ ಬಾಗಿಲಿನ ತನಕ ಬಂದು ನಿಂತಳು. ಮೆಟ್ಟಿಲ ಮೇಲೆ ನಿಂತು, ಮೊದಲ ಸಲ ಕೇಳಿದ್ದನ್ನೇ ಮತ್ತೊಮ್ಮೆ ಕೇಳಿದೆ:

“ನೀ ‘ಮುಗೀತು’ ಅಂದಾಗ ಆ ಗಡಿಯಾರದಾಗ ಖರೇನ ಎಷ್ಟಾಗಿತ್ತು, ದೊಡ್ಡವ್ವಾ?”